ಗೆಡ್ಡೆಗೆ ಬೆಳೆದ ಹೊಲ, ಹೂವಿಗೆ ಬರುವ ಜನ

ನೆದರ್ಲೆಂಡ್ಸ್‌ನ ಟುಲಿಪ್ ಹೊಲಗಳ ಫೋಟೋ ನೋಡಿ ಮನಸೋತು ಹೊರಡುವವರು ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಆ ಬಯಲಿನ ರೈತರು ಬೆಳೆಯುತ್ತಿರುವುದು ಹೂವನ್ನಲ್ಲ, ಗೆಡ್ಡೆಯನ್ನು. ಹೂದಾನಿಗೆ ಹೋಗುವ ಟುಲಿಪ್ ಬಹುಪಾಲು ಗಾಜಿನ ಮನೆಗಳೊಳಗೆ ಚಳಿಗಾಲದಲ್ಲೇ ಅರಳಿ ಮಾರಾಟವಾಗಿರುತ್ತದೆ. ಏಪ್ರಿಲ್‌ನಲ್ಲಿ ಬಯಲಿನಲ್ಲಿ ಕಾಣುವ ಕೆಂಪು, ಹಳದಿ, ನೇರಳೆ ಪಟ್ಟೆಗಳೆಲ್ಲ ಗೆಡ್ಡೆ ಬಲಿಯುವ ದಾರಿಯಲ್ಲಿ ಬಂದುಹೋಗುವ ಒಂದು ಹಂತ. ರೈತನಿಗೆ ಆ ಹೂವಿನಿಂದ ಇರುವ ಉಪಯೋಗ ಮುಖ್ಯವಾಗಿ ತಪಾಸಣೆ: ಯಾವ ಗಿಡಕ್ಕೆ ರೋಗ ತಗುಲಿದೆ, ಯಾವುದು ಬೇರೆ ತಳಿಯದು ಎಂಬುದು ಹೂ ಬಿಟ್ಟಾಗ ಸ್ಪಷ್ಟವಾಗಿ ತಿಳಿಯುತ್ತದೆ. ತಪಾಸಣೆ ಮುಗಿದರೆ ಹೂವಿನ ತಲೆ ಹಾರಿಸುತ್ತಾರೆ. ಹಾರಿಸದಿದ್ದರೆ ಗಿಡ ಬೀಜ ಕಟ್ಟಲು ಹೊರಡುತ್ತದೆ, ಗೆಡ್ಡೆ ಸಣ್ಣದಾಗಿಯೇ ಉಳಿಯುತ್ತದೆ. ಉದುರಿದ ಪಕಳೆ ಎಲೆಗಂಟಿ ಕೊಳೆತರೆ ಬೊಟ್ರೈಟಿಸ್ ಶಿಲೀಂಧ್ರಕ್ಕೂ ದಾರಿಯಾಗುತ್ತದೆ.

ಇಷ್ಟು ಗೊತ್ತಿದ್ದರೆ ಪ್ರವಾಸದ ಲೆಕ್ಕಾಚಾರವೇ ಬದಲಾಗುತ್ತದೆ. ಯಾವ ವಾರ ಹೋಗಬೇಕು, ಎಲ್ಲಿ ನಿಲ್ಲಬೇಕು, ಏನನ್ನು ಫ್ರೇಮಿನೊಳಗೆ ತರಬೇಕು ಎಂಬುದನ್ನು ಅಲ್ಲಿ ನಡೆಯುವ ಟುಲಿಪ್ ಉತ್ಸವದ ಕರಪತ್ರಕ್ಕಿಂತ ರೈತನ ಕೆಲಸವೇ ಚೆನ್ನಾಗಿ ಹೇಳುತ್ತದೆ.

ಆ ಕೆಲಸ ಶುರುವಾಗುವುದು ಅಕ್ಟೋಬರ್-ನವೆಂಬರ್‌ನಲ್ಲಿ, ಗೆಡ್ಡೆ ನೆಡುವಾಗ. ಚೆನ್ನಾಗಿ ಹೂ ಬಿಡಲು ಟುಲಿಪ್‌ಗೆ ಸುಮಾರು 12ರಿಂದ 16 ವಾರಗಳ ಚಳಿ ಬೇಕು. ಮಾರ್ಚ್‌ನಲ್ಲಿ ಕ್ರೋಕಸ್ ಮೊದಲು ಕಣ್ಣು ಬಿಡುತ್ತದೆ. ಮಾರ್ಚ್ ಕೊನೆಯಿಂದ ಡ್ಯಾಫೊಡಿಲ್‌ನ ಹಳದಿ, ಅದರ ಬೆನ್ನಿಗೆ ಏಪ್ರಿಲ್ ಮೊದಲೆರಡು ವಾರ ಹಯಸಿಂತ್, ಏಪ್ರಿಲ್ ನಡುವಿನಿಂದ ಮೇ ಮೊದಲ ದಿನಗಳವರೆಗೆ ಟುಲಿಪ್. ಟುಲಿಪ್‌ನಲ್ಲೂ ಬೇಗ ಅರಳುವ ತಳಿ, ತಡವಾಗಿ ಅರಳುವ ತಳಿ ಬೇರೆ ಬೇರೆ. ಹಾಗಾಗಿ ಪಕ್ಕಪಕ್ಕದ ಹೊಲಗಳಲ್ಲಿ ಒಂದರ ತಲೆ ಹಾರಿಸಿರುವಾಗ ಇನ್ನೊಂದು ಮೊಗ್ಗಾಗಿಯೇ ಇರಬಹುದು. ಚಳಿ ಎಳೆದಾಡಿದ ವರ್ಷ ಇಡೀ ಸರಣಿ ಹಿಂದೆ ಬೀಳುತ್ತದೆ, ಮಾರ್ಚ್ ಬೆಚ್ಚಗಿದ್ದರೆ ಮುಂದೆ ಬರುತ್ತದೆ. ಒಂದು ವರ್ಷಕ್ಕೂ ಇನ್ನೊಂದಕ್ಕೂ ಎರಡು ವಾರದ ವ್ಯತ್ಯಾಸ ಬಂದರೆ ಅಚ್ಚರಿಯಿಲ್ಲ. ಉತ್ಸವದ ತಾರೀಖು ಮಾತ್ರ ತಿಂಗಳುಗಳ ಮುಂಚೆಯೇ ಅಚ್ಚಾಗಿರುತ್ತದೆ. ಒಂದೇ ಸಲ ಹೋಗುವ ಅವಕಾಶವಿದ್ದರೆ ಏಪ್ರಿಲ್ 15ರಿಂದ 28ರ ನಡುವೆ ಕನಿಷ್ಠ ನಾಲ್ಕು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಏಪ್ರಿಲ್ 27 ರಾಜನ ಹುಟ್ಟುಹಬ್ಬದ ರಜೆ. ಅಂದು ರೈಲು, ರಸ್ತೆ ಎಲ್ಲ ಗಿಜಿಗುಡುತ್ತವೆ, ಹೊಲ ಸುತ್ತಲು ಆ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕ್ಯೂಕೆನ್‌ಹಾಫ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತಿರುವ ಹೆಸರು. ಲಿಸ್ಸೆ ಊರಿನಲ್ಲಿರುವ 32 ಹೆಕ್ಟೇರಿನ ಈ ಉದ್ಯಾನದಲ್ಲಿ ಪ್ರತಿ ಶರತ್ಕಾಲ ಸುಮಾರು 70 ಲಕ್ಷ ಗೆಡ್ಡೆಗಳನ್ನು ಕೈಯಿಂದ ನೆಡುತ್ತಾರೆ. ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಸುಮಾರು ಎಂಟು ವಾರ ಮಾತ್ರ ಬಾಗಿಲು ತೆರೆದಿರುತ್ತದೆ. ಗೆಡ್ಡೆ ಬೆಳೆಗಾರರು ಮತ್ತು ರಫ್ತುದಾರರು ತಮ್ಮ ಸರಕನ್ನು ಜನರೆದುರು ಇಡಲು 1949ರಲ್ಲಿ ಹಾಕಿದ ಯೋಜನೆ ಇದು, 1950ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬೇಗ ಅರಳುವ ಗೆಡ್ಡೆ ಮೇಲೆ, ತಡವಾಗಿ ಅರಳುವುದು ಕೆಳಗೆ ಎಂದು ಒಂದೇ ಮಡಿಯಲ್ಲಿ ಪದರ ಪದರವಾಗಿ ನೆಡುವುದರಿಂದ ಯಾವ ವಾರ ಹೋದರೂ ಅಲ್ಲಿ ಹೂವಿಗೆ ಬರವಿಲ್ಲ. ಹೊಲದ ಹೂ ಕೈಕೊಟ್ಟ ದಿನ ಹೋಗಲು ಇದಕ್ಕಿಂತ ಭರವಸೆಯ ಜಾಗ ಇಲ್ಲ. ಟಿಕೆಟ್ ಅನ್ನು ದಿನ ಮತ್ತು ಪ್ರವೇಶದ ಸಮಯ ಆರಿಸಿ ಆನ್‌ಲೈನ್‌ನಲ್ಲೇ ಮೊದಲು ಕೊಳ್ಳಬೇಕು. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುವಾಗಲೇ ಒಳಹೊಕ್ಕರೆ ಸುಮಾರು ಎರಡು ಗಂಟೆ ನೆಮ್ಮದಿಯಾಗಿ ಕ್ಯಾಮೆರಾ ಹಿಡಿಯಬಹುದು. ಇಲ್ಲವೇ ಸಂಜೆ 4ರ ಮೇಲೆ, ಬಸ್ಸುಗಳಲ್ಲಿ ಬಂದವರು ಮರಳುವ ಹೊತ್ತಿಗೆ ಹೋಗಿ. ಒಳಗಿರುವ ಗಾಳಿಯಂತ್ರ 1892ರಲ್ಲಿ ಕಟ್ಟಿದ್ದು, ಖ್ರೋನಿಂಗನ್ ಕಡೆಯಿಂದ ತಂದು ನಿಲ್ಲಿಸಿದ್ದು. ಅದರ ಅಟ್ಟಣಿಗೆಯಿಂದ ಪಕ್ಕದ ಹೊಲಗಳ ಪಟ್ಟೆ ಕಾಣುತ್ತದೆ. ಒಳ್ಳೆಯ ಜಾಗವೇ, ಆದರೆ ಮೆಟ್ಟಿಲ ಬಳಿ ಸಾಲು ನಿಲ್ಲಬೇಕಾಗುತ್ತದೆ.

ನಿಜವಾದ ಹೊಲಗಳಿಗೆ ಮೂರು ಸೀಮೆಗಳಿವೆ, ಮೂರರ ಗುಣವೂ ಬೇರೆ. ಲೈಡನ್ ಮತ್ತು ಹಾರ್ಲೆಮ್ ನಡುವಿನ ಬೊಲೆನ್‌ಸ್ಟ್ರೇಕ್ ಹಳೆಯದು. ಇಲ್ಲಿ ಮರಳುದಿಬ್ಬಗಳನ್ನು ತೋಡಿ ಸಮತಟ್ಟು ಮಾಡಿದ ನೆಲವಿದೆ. ಅಂತರ್ಜಲವನ್ನು ನೆಲದಿಂದ ಅರ್ಧ ಮೀಟರಿಗಿಂತ ಸ್ವಲ್ಪ ಕೆಳಗೆ ಕಟ್ಟಿ ನಿಲ್ಲಿಸಿರುತ್ತಾರೆ. ತುಂಡು ತುಂಡು ಹೊಲಗಳು, ನಡುವೆ ಕಾಲುವೆ, ಹಿಂದೆ ಚರ್ಚಿನ ಶಿಖರ, ಹಳೆಯ ಗೆಡ್ಡೆ ಗೋದಾಮು. ಹಯಸಿಂತ್ ಮತ್ತು ಡ್ಯಾಫೊಡಿಲ್ ನೋಡಲು ಇಲ್ಲಿಗೇ ಬರಬೇಕು. ಎರಡನೆಯದು ಆಲ್ಕ್‌ಮಾರ್‌ನಿಂದ ಡೆನ್ ಹೆಲ್ಡರ್‌ವರೆಗಿನ ಉತ್ತರದ ತುದಿ. ಅಲ್ಲಿ ಒಂದಕ್ಕೊಂದು ಅಂಟಿಕೊಂಡ ಗೆಡ್ಡೆ ಹೊಲಗಳ ವಿಸ್ತಾರ ಹೆಚ್ಚು, ಪ್ರವಾಸಿಗರು ಕಡಿಮೆ. ಮೂರನೆಯದು ಎಮೆಲೋರ್ಡ್ ಸುತ್ತಲಿನ ನೋರ್ಡೂಸ್ಟ್‌ಪೋಲ್ಡರ್. ಪೋಲ್ಡರ್ ಎಂದರೆ ಒಡ್ಡು ಕಟ್ಟಿ ನೀರು ಬಸಿದು ಪಡೆದ ನೆಲ. 1942ರವರೆಗೆ ನೀರಿನಡಿ ಇದ್ದ ಜೇಡಿಮಣ್ಣಿನ ನೆಲ ಅದು. ಒಂದೊಂದು ಹೊಲವೂ ವಿಶಾಲ, ರಸ್ತೆಗಳು ಗೆರೆ ಎಳೆದಷ್ಟು ನೇರ, ದಿಗಂತದಲ್ಲಿ ಉರ್ಕ್ ಕಡೆಯ ಒಡ್ಡಿನ ಉದ್ದಕ್ಕೂ ದೈತ್ಯ ಗಾಳಿ ಟರ್ಬೈನ್‌ಗಳು. ಅಂಚೆ ಕಾರ್ಡಿನ ಹಾಲೆಂಡ್ ಬೇಕಾದವರಿಗೆ ಮೊದಲನೆಯದು, ಬಣ್ಣ ಮತ್ತು ರೇಖೆಗಳ ಶುದ್ಧ ಚಿತ್ರ ಬೇಕಾದವರಿಗೆ ಮೂರನೆಯದು. ನಮ್ಮ ಮತ ಮೂರನೆಯದಕ್ಕೆ.

ಎಲ್ಲಿಗೇ ಹೋದರೂ, ಕಳೆದ ವರ್ಷದ ಯಾರದೋ ಫೋಟೋದ ನಕ್ಷೆಗುರುತು ಹಿಡಿದು ಹೋಗಬಾರದು. ಒಂದೇ ಮಣ್ಣಿನಲ್ಲಿ ಸತತವಾಗಿ ಟುಲಿಪ್ ಹಾಕಿದರೆ ಮಣ್ಣಿನ ರೋಗ ಹೆಚ್ಚುತ್ತದೆ. ಅದಕ್ಕೇ ರೈತರು ಆಲೂಗಡ್ಡೆ, ಈರುಳ್ಳಿ, ಗೋಧಿಯ ನಡುವೆ ಸರದಿ ಹಾಕುತ್ತಾರೆ, ಎಷ್ಟೋ ಸಲ ನೆರೆಯವರ ನೆಲ ಬಾಡಿಗೆಗೆ ಹಿಡಿಯುತ್ತಾರೆ. ಹೋದ ವರ್ಷ ಕೆಂಪಗಿದ್ದ ಜಾಗದಲ್ಲಿ ಈ ವರ್ಷ ಆಲೂಗಡ್ಡೆಯ ಏರಿ ಇರುತ್ತದೆ. ಪೋಲ್ಡರ್ ಕಡೆಯ ಟುಲಿಪ್ ಮಾರ್ಗದ ನಕ್ಷೆಯನ್ನು ಪ್ರತಿ ವರ್ಷ ಹೊಸದಾಗಿ ಮಾಡುತ್ತಾರೆ, ಅದನ್ನೇ ನಂಬಿ.

ಬೊಲೆನ್‌ಸ್ಟ್ರೇಕ್‌ನಲ್ಲಿ ಸೈಕಲ್‌ಗೆ ಸಮನಾದ ವಾಹನವಿಲ್ಲ. ಕಾರಿಗೆ ಹೊಲದ ಪಕ್ಕ ನಿಲ್ಲಲು ಜಾಗವಿಲ್ಲ, ಕಿರಿದಾದ ರಸ್ತೆಯಲ್ಲಿ ನಿಲ್ಲಿಸಿದರೆ ಟ್ರ್ಯಾಕ್ಟರ್‌ಗೆ ಅಡ್ಡಿ. ಲೈಡನ್-ಹಾರ್ಲೆಮ್ ರೈಲು ಹೊಲಗಳ ನಡುವೆಯೇ ಓಡುತ್ತದೆ. ವೋರ್‌ಹೌಟ್ ಮತ್ತು ಹಿಲೆಗೊಮ್ ನಿಲ್ದಾಣಗಳಲ್ಲಿ ಇಳಿದರೆ ಹೂ ಹತ್ತಿರವೇ. ಸೈಕಲ್ ದಾರಿಗಳು ಕೂಡುವೆಡೆಗಳಲ್ಲೆಲ್ಲ ಸಂಖ್ಯೆಯ ಫಲಕವಿದೆ. ಹೋಗಬೇಕಾದ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಫೋನ್ ತೆಗೆಯುವ ಗೋಜಿಲ್ಲ.

ಇನ್ನು ಎಲ್ಲಿ ನಿಲ್ಲುವುದು ಎಂಬ ಮಾತು. ಹೊಲದೊಳಗೆ ಕಾಲಿಡಬಾರದು. ಇದನ್ನು ಬರಿಯ ಶಿಷ್ಟಾಚಾರವೆಂದು ಭಾವಿಸುವವರೇ ಹೆಚ್ಚು, ಹಾಗಾಗಿ ಕಾರಣ ಬಿಡಿಸಿ ಹೇಳಬೇಕು. ಟುಲಿಪ್‌ಗೆ ಒಂದು ಋತುವಿಗೆ ಇರುವುದು ಕೆಲವೇ ಎಲೆ. ತುಳಿದು ಮುರಿದರೆ ಬೇರೆ ಚಿಗುರುವುದಿಲ್ಲ, ಆ ಗೆಡ್ಡೆಯ ಊಟ ಅಲ್ಲಿಗೆ ನಿಂತಿತು. ಅದಕ್ಕಿಂತ ದೊಡ್ಡ ಭಯ ಬೂಟಿನದು. ಕಾಂಡದ ನೆಮಟೋಡ್ ಎಂಬ ಕಣ್ಣಿಗೆ ಕಾಣದ ಹುಳು ಮಣ್ಣಿನ ಜೊತೆ ಹೊಲದಿಂದ ಹೊಲಕ್ಕೆ ಸಾಗುತ್ತದೆ. ಅದು ಕಂಡುಬಂದರೆ ಸಸ್ಯರೋಗ ತಡೆಯುವ ನಿಯಮಗಳಂತೆ ಆ ಬೆಳೆಗೂ ನೆಲಕ್ಕೂ ನಿರ್ಬಂಧ ಬೀಳುತ್ತದೆ. ಬೆಳಿಗ್ಗೆಯಿಂದ ಐದಾರು ಹೊಲ ಸುತ್ತಿದ ಪ್ರವಾಸಿಗನ ಬೂಟು ಅಂಥ ಮಣ್ಣಿಗೆ ಒಳ್ಳೆಯ ಸವಾರಿ. ಒಂದು ಸೆಲ್ಫಿಗಾಗಿ ಒಂದು ಕುಟುಂಬದ ವರ್ಷಗಳ ದುಡಿಮೆಯನ್ನು ಅಪಾಯಕ್ಕೆ ಒಡ್ಡುವುದು ಕ್ಷಮಿಸುವಂಥದ್ದಲ್ಲ. ಹೂವಿನ ನಡುವೆಯೇ ನಿಂತ ಚಿತ್ರ ಬೇಕಿದ್ದವರಿಗೆ ಹಿಲೆಗೊಮ್, ಲಿಸ್ಸೆ ಸುತ್ತ ಬೆಳೆಗಾರರೇ ಟಿಕೆಟ್ ಇಟ್ಟು ತೆರೆದ ಪ್ರದರ್ಶನದ ಹೊಲಗಳು, ಹೂ ಕೀಳುವ ತೋಟಗಳು ಇವೆ. ಕೆಲವು ಯೂರೋ ಕೊಟ್ಟು ಅಲ್ಲಿಗೆ ಹೋಗಿ.

ಹೊಲದ ಅಂಚಿನಿಂದಲೇ ಒಳ್ಳೆಯ ಚಿತ್ರ ಬರುತ್ತದೆ, ಬಹುಪಾಲು ಒಳ್ಳೆಯ ಚಿತ್ರಗಳು ಬಂದಿರುವುದೂ ಅಲ್ಲಿಂದಲೇ. ಇದಕ್ಕೆ ಲೆನ್ಸ್‌ನ ಆಯ್ಕೆ ಮುಖ್ಯ. ಮಡಿಗಳನ್ನು ಟ್ರ್ಯಾಕ್ಟರ್ ಚಕ್ರ ಸಾಗುವಂತೆ ಜಾಡು ಬಿಟ್ಟು ಎಳೆದಿರುತ್ತಾರೆ. ಕ್ಯಾಮೆರಾವನ್ನು ಹೂವಿನ ಎತ್ತರಕ್ಕೆ ಇಳಿಸಿ 135ರಿಂದ 200 ಎಂಎಂ ಲೆನ್ಸಿನಲ್ಲಿ ನೋಡಿದರೆ ಈ ಜಾಡುಗಳು ಹೂವಿನ ಹಿಂದೆ ಮರೆಯಾಗಿ ಬಣ್ಣವೊಂದೇ ಉಳಿಯುತ್ತದೆ. ಕ್ಯಾಮೆರಾ ಮೇಲೆತ್ತಿದಷ್ಟೂ ಜಾಡು ಕಂಡು, ಬಯಲು ಪಟ್ಟೆ ಪಟ್ಟೆಯಾಗುತ್ತದೆ. ಅದೇ ಬೇಕಿದ್ದರೆ ಪೋಲ್ಡರ್‌ನ ಒಡ್ಡು, ಕಾಲುವೆಯ ಸೇತುವೆ ಹತ್ತಿ. ಎರಡರ ನಡುವಿನ ಎತ್ತರ, ಅಂದರೆ ನಿಂತ ಮನುಷ್ಯನ ಕಣ್ಣಿನ ಮಟ್ಟ, ಎರಡೂ ಕಡೆಗೆ ಸಲ್ಲುವುದಿಲ್ಲ. ಹೆಚ್ಚಿನ ಪ್ರವಾಸಿ ಫೋಟೋಗಳು ಸಪ್ಪೆಯಾಗುವುದು ಅಲ್ಲೇ.

ವೈಡ್ ಲೆನ್ಸಿನಲ್ಲಿ ಮುಂದಿನ ಹೂವಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿರಲಿ ಎಂಬ ಆಸೆ ಸಹಜ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 24 ಎಂಎಂ, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/11 ಇಟ್ಟು 1.75 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 90 ಸೆಂ.ಮೀ.ನಿಂದ ಆಚೆಯದೆಲ್ಲ ಒಪ್ಪುವಷ್ಟು ಚುರುಕಾಗಿ ಬರುತ್ತದೆ. ಹೂವಿಗೆ 30 ಸೆಂ.ಮೀ. ಹತ್ತಿರ ಹೋದರೆ ಈ ಲೆಕ್ಕ ಮುರಿಯುತ್ತದೆ. ಆಗ ಹಲವು ಫೋಕಸ್‌ಗಳ ಚಿತ್ರ ತೆಗೆದು ಜೋಡಿಸೋಣವೆಂದರೆ ಗಾಳಿ ಬಿಡುವುದಿಲ್ಲ, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಹೂ ಜಾಗ ಬದಲಿಸಿರುತ್ತದೆ, ಜೋಡಿಸಿದಾಗ ಪಕಳೆಯ ಅಂಚು ಎರಡಾಗುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು ಒಂದೇ ಚಿತ್ರದಲ್ಲಿ ಮುಗಿಸುವುದೇ ಜಾಣತನ. ಈ ಬಯಲಿನಲ್ಲಿ ಗಾಳಿಗೆ ತಡೆಯೇ ಇಲ್ಲ. 1/250 ಸೆಕೆಂಡಿಗಿಂತ ನಿಧಾನವಾದ ಶಟರ್ ಬೇಡ, ಟೆಲಿ ಲೆನ್ಸಿಗೆ 1/500. ಅದಕ್ಕಾಗಿ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್ಒವನ್ನು 400 ಅಥವಾ 800ಕ್ಕೆ ಏರಿಸಲು ಹಿಂಜರಿಯಬೇಕಿಲ್ಲ. ಗಾಳಿ ಸಾಮಾನ್ಯವಾಗಿ ಸೂರ್ಯ ಹುಟ್ಟುವ ಮತ್ತು ಮುಳುಗುವ ಹೊತ್ತಿಗೆ ತಗ್ಗುತ್ತದೆ.

ಏಪ್ರಿಲ್ 20ರ ಸುಮಾರಿಗೆ ಅಲ್ಲಿ ಸೂರ್ಯೋದಯ ಬೆಳಿಗ್ಗೆ ಆರೂವರೆಗೆ, ಸೂರ್ಯಾಸ್ತ ರಾತ್ರಿ ಎಂಟೂ ಮುಕ್ಕಾಲಿಗೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದಲೂ ದೇಶ ತನ್ನ ಸಮಯವಲಯದ ಪಶ್ಚಿಮಕ್ಕಿರುವುದರಿಂದಲೂ ಸೂರ್ಯ ನೆತ್ತಿಯ ಕಡೆಗೆ ಬರುವುದು ಹನ್ನೆರಡಕ್ಕಲ್ಲ, ಮಧ್ಯಾಹ್ನ 1.40ರ ಹತ್ತಿರ. ಅಂದರೆ ನಾಲ್ಕು ಗಂಟೆಗೂ ಬೆಳಕು ಗಡುಸಾಗಿಯೇ ಇರುತ್ತದೆ, ಒಳ್ಳೆಯ ಸಂಜೆಬೆಳಕು ಏಳರ ಮೇಲೆ. ಆದರೆ ಹೂವಿನ ದಿನಚರಿಯನ್ನೂ ಗಮನಿಸಬೇಕು. ಬಿಸಿಲೇರಿದಂತೆ ಟುಲಿಪ್ ಬಿರಿದು ಬಟ್ಟಲಾಗುತ್ತದೆ, ತಂಪಾದರೆ ಮುಚ್ಚಿಕೊಳ್ಳುತ್ತದೆ. ಪಕಳೆಯ ಒಳಮೈ ಮತ್ತು ಹೊರಮೈ ಬೇರೆ ಬೇರೆ ಉಷ್ಣತೆಯಲ್ಲಿ ಬೇರೆ ಬೇರೆ ವೇಗದಲ್ಲಿ ಬೆಳೆಯುವುದೇ ಇದಕ್ಕೆ ಕಾರಣ. ಪ್ರತಿ ಸಲ ಬಿರಿದು ಮುಚ್ಚುವಾಗಲೂ ಪಕಳೆ ಕೊಂಚ ಉದ್ದವಾಗುತ್ತದೆ, ಹಾಗಾಗಿ ಹಳೆಯ ಹೂ ದೊಡ್ಡದು, ಸಡಿಲ. ಮುಂಜಾನೆ ಮುಚ್ಚಿದ ಹೂಗಳು ಒಂದೇ ಎತ್ತರದಲ್ಲಿ, ಒಂದೇ ಆಕಾರದಲ್ಲಿ ನಿಂತಿರುತ್ತವೆ. ಸಾಲುಗಳ ಚಿತ್ರಕ್ಕೆ ಅದು ಸರಿಯಾದ ಹೊತ್ತು. ಒಳಗಿನ ಕಪ್ಪು ನಕ್ಷತ್ರ, ಕೇಸರದ ಪುಡಿ ಬೇಕಿದ್ದರೆ ಹನ್ನೊಂದರ ಮೇಲೆ ಹೋಗಿ.

ಇಳಿಬಿಸಿಲು ಎದುರಿಗಿದ್ದಾಗ ಒಂದು ಹೂವಿನ ಮುಂದೆ ಮೊಣಕಾಲೂರಿ ನೋಡಿ. ಪಕಳೆಯ ನರಗಳು ಬುಡದಿಂದ ತುದಿಗೆ ಒಂದೊಂದಾಗಿ ಎದ್ದು ಕಾಣುತ್ತವೆ, ಒಂದರ ಮೇಲೊಂದು ಬಂದ ಪಕಳೆಗಳು ಕಪ್ಪುಗೆಂಪು, ಒಂಟಿ ಪದರವಿದ್ದಲ್ಲಿ ಕಿತ್ತಳೆಗೆ ಹತ್ತಿರವಾದ ಕೆಂಪು, ಬುಡದಲ್ಲಿ ಬೆರಳಗಲದ ಹಳದಿ. ಇದು ಕಣ್ಣಿಗೆ ಕಾಣುತ್ತದೆ, ಆದರೆ ಕ್ಯಾಮೆರಾದ ಪರದೆಯಲ್ಲಿ ಕೆಂಪು ಬಣ್ಣ ಬಳಿದ ಮುದ್ದೆಯಷ್ಟೇ ಉಳಿಯುತ್ತದೆ. ಟುಲಿಪ್ ಫೋಟೋಗ್ರಫಿಯಲ್ಲಿ ಅತಿ ಹೆಚ್ಚು ಜನರನ್ನು ಕಾಡುವ ಸಮಸ್ಯೆ ಇದು. ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಮ್, ಅಂದರೆ ಕತ್ತಲಿಂದ ಹೊಳಪಿನವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಮೂರು ಬಣ್ಣಗಳನ್ನೂ ಬೆರೆಸಿದ ಹೊಳಪಿನ ಲೆಕ್ಕ, ಅದರಲ್ಲಿ ಹಸಿರಿನ ಪಾಲೇ ದೊಡ್ಡದು. ಕೆಂಪು ಹೂವಿನಲ್ಲಿ ಕೆಂಪು ಚಾನೆಲ್ ತುಂಬಿ ತುಳುಕಿ ವಿವರ ಕಳೆದುಕೊಂಡಿದ್ದರೂ ಆ ಲೆಕ್ಕ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಆದ್ದರಿಂದ ಮೆನುವಿನಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಕಾಣುವ ಹಿಸ್ಟೋಗ್ರಾಮ್ ಆರಿಸಿ, ಕೆಂಪು ಗುಡ್ಡ ಬಲಗೋಡೆಗೆ ಅಂಟದಂತೆ ಎಕ್ಸ್‌ಪೋಶರ್ ಇಳಿಸಿ. ಸಾಮಾನ್ಯವಾಗಿ ಮೂರನೇ ಎರಡು ಸ್ಟಾಪ್‌ನಿಂದ ಒಂದು ಸ್ಟಾಪ್ ಇಳಿಸಿದರೆ ಸಾಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಚಿತ್ರದ ಬಣ್ಣಶೈಲಿ ‘ವಿವಿಡ್’ನಲ್ಲಿದ್ದರೆ ‘ನ್ಯೂಟ್ರಲ್’ಗೆ ತನ್ನಿ, ಹಿಸ್ಟೋಗ್ರಾಮ್ ಲೆಕ್ಕ ಹಾಕುವುದು ಆ ಶೈಲಿಯ ಮೇಲೆಯೇ. ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ, ಕಡ್ಡಾಯ. ಡ್ಯಾಫೊಡಿಲ್‌ನ ಹಳದಿಯಲ್ಲಿ ಕೆಂಪು ಮತ್ತು ಹಸಿರು ಎರಡೂ ಒಟ್ಟಿಗೆ ತುಂಬುತ್ತವೆ, ಅಲ್ಲೂ ಇದೇ ಎಚ್ಚರ. ನೇರಳೆ ಹೂಗಳದು ಬೇರೆ ಕಥೆ, ಡಿಜಿಟಲ್ ಕ್ಯಾಮೆರಾ ಅವನ್ನು ನೀಲಿಯ ಕಡೆಗೆ ಎಳೆಯುತ್ತದೆ. ಹೊಲದ ಎದುರು ನಿಂತಾಗಲೇ ನಿಜವಾದ ಬಣ್ಣವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಬಂದರೆ ಮನೆಯಲ್ಲಿ ಸರಿಪಡಿಸಬಹುದು.

ಕಂಪ್ಯೂಟರಿನಲ್ಲಿ ಕೂತಾಗ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸುವ ಬದಲು ಇಳಿಸುವುದೇ ಇಲ್ಲಿ ಮದ್ದು. ಕೆಂಪಿನ ಹೊಳಪನ್ನೂ ಸ್ಯಾಚುರೇಶನ್ನನ್ನೂ ಪ್ರತ್ಯೇಕವಾಗಿ ಹತ್ತು-ಹದಿನೈದು ಅಂಶ ತಗ್ಗಿಸಿದರೆ ಪಕಳೆಯ ನರ ಮರಳಿ ಬರುತ್ತದೆ. ಮೋಡದ ದಿನ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ಎಲೆಗಳ ಮೇಲಿನ ಮೇಣದ ಹೊಳಪು ಕಳೆದರೆ ಹಸಿರು ಗಾಢವಾಗಿ ಕೆಂಪಿಗೆ ತಕ್ಕ ಜೊತೆಯಾಗುತ್ತದೆ. ಅದೇ ಪೋಲರೈಸರ್ ವೈಡ್ ಲೆನ್ಸಿನಲ್ಲಿ ನೀಲಿ ಆಕಾಶದ ಒಂದು ಮೂಲೆಯನ್ನು ಮಾತ್ರ ಕಪ್ಪಾಗಿಸುತ್ತದೆ, ಆಗ ತೆಗೆದಿಡಿ. ಫೋನ್‌ನಲ್ಲಿ ತೆಗೆಯುವವರು ಹೂವಿನ ಮೇಲೆ ಬೆರಳೊತ್ತಿ ಹಿಡಿದು ಎಕ್ಸ್‌ಪೋಶರ್ ಬಿಗಿಮಾಡಿ ಕೆಳಗೆ ಜಾರಿಸಲಿ. ಪೋರ್ಟ್ರೇಟ್ ಮೋಡ್ ಬೇಡ, ತೆಳ್ಳಗಿನ ಕಾಂಡಗಳ ಅಂಚನ್ನು ಅದು ಕತ್ತರಿಸಿ ಮಸುಕು ಮಾಡುತ್ತದೆ.

ಡ್ರೋನ್ ಬಗ್ಗೆ ಎರಡೇ ಮಾತು. ಬೊಲೆನ್‌ಸ್ಟ್ರೇಕ್‌ನ ಬಹುಭಾಗ ಸ್ಕಿಪೋಲ್ ವಿಮಾನ ನಿಲ್ದಾಣದ ನಿಯಂತ್ರಿತ ವಾಯುಪ್ರದೇಶಕ್ಕೆ ಸೇರುತ್ತದೆ, ಅಲ್ಲಿ ಹವ್ಯಾಸಿ ಡ್ರೋನ್ ಹಾರಿಸುವಂತಿಲ್ಲ. ಬೇರೆಡೆ ಯುರೋಪಿನ ನಿಯಮದಂತೆ ನೋಂದಣಿ, 120 ಮೀಟರ್ ಎತ್ತರದ ಮಿತಿ, ಕಣ್ಣಳತೆಯೊಳಗೆ ಹಾರಾಟ.

ಹಳದಿ ಹೊಲದ ನಡುವೆ ಒಂದೇ ಒಂದು ಕೆಂಪು ಟುಲಿಪ್ ನಿಂತ ಚಿತ್ರ ಎಲ್ಲರಿಗೂ ಇಷ್ಟ. ಬೆಳೆಗಾರನಿಗೆ ಅದು ಕಳೆ. ಹಿಂದಿನ ಬೆಳೆಯಿಂದ ಮಣ್ಣಿನಲ್ಲಿ ಉಳಿದ ಗೆಡ್ಡೆಯೋ, ಯಂತ್ರದಲ್ಲಿ ಬೆರೆತ ತಳಿಯೋ ಆಗಿರುತ್ತದೆ, ಕಂಡೊಡನೆ ಕೀಳಿಸುತ್ತಾನೆ. ಆದ್ದರಿಂದ ಆ ಚಿತ್ರ ಬೇಕಿದ್ದರೆ ಹೂ ಅರಳಿದ ಮೊದಲ ದಿನಗಳಲ್ಲೇ ಹುಡುಕಬೇಕು. ಅದೇ ದಿನಗಳಲ್ಲಿ ರೋಗದ ಗಿಡ ಹುಡುಕುವವರೂ ಹೊಲದಲ್ಲಿರುತ್ತಾರೆ. ನೆರಳಿನ ಮೇಲ್ಛಾವಣಿಯಿರುವ ಪುಟ್ಟ ಗಾಡಿಯಲ್ಲಿ ಕೂತು, ಮಡಿಯ ಮೇಲೆ ಬಾಗಿ, ಗಿಡ ಗಿಡವನ್ನೂ ನೋಡುತ್ತ ಸಾಗುತ್ತಾರೆ. ಅವರು ಹುಡುಕುವುದು ಎಲೆಯ ಮಾಸಲು ಪಟ್ಟೆ, ಪಕಳೆಯಲ್ಲಿ ಒಡೆದ ಬಣ್ಣ, ಅಂದರೆ ಗಿಡಹೇನು ಹರಡುವ ವೈರಸ್ಸಿನ ಗುರುತು. 1630ರ ದಶಕದಲ್ಲಿ ಹುಚ್ಚು ಬೆಲೆಗೆ ಮಾರಾಟವಾಗಿ 1637ರ ಫೆಬ್ರವರಿಯಲ್ಲಿ ಕುಸಿದ ಆ ಪಟ್ಟೆಯ ಟುಲಿಪ್‌ಗಳ ಅಂದಕ್ಕೆ ಇದೇ ರೋಗ ಕಾರಣ. ಈಗ ಮಾರುವ ಪಟ್ಟೆಯ ತಳಿಗಳ ಬಣ್ಣ ರೋಗದ್ದಲ್ಲ, ಹುಟ್ಟುಗುಣ. ಇಂಥ ಕೆಲಸಗಾರರ ಚಿತ್ರ ಹೂವಿನ ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ. ದಂಡೆಯಿಂದ ಕೈಯೆತ್ತಿ ಒಪ್ಪಿಗೆ ಕೇಳಿ, ತಲೆಯಾಡಿಸಿದರೆ ತೆಗೆಯಿರಿ.

ಏಪ್ರಿಲ್‌ನ ಒಂದು ಶನಿವಾರ ನೋರ್ಡ್‌ವೈಕ್‌ನಿಂದ ಹಾರ್ಲೆಮ್‌ವರೆಗೆ ಸುಮಾರು 42 ಕಿ.ಮೀ. ಸಾಗುವ ಹೂರಥಗಳ ಮೆರವಣಿಗೆಗೂ ಮೊದಲೇ ಜಾಗ ಯೋಚಿಸಿಡಬೇಕು. ರಥಗಳು ಒಟ್ಟಾರೆ ಉತ್ತರಕ್ಕೆ ಹೋಗುವುದರಿಂದ ನಡುಹಗಲಲ್ಲಿ ಅವುಗಳ ಮುಖ ನೆರಳಿನಲ್ಲಿರುತ್ತದೆ. ಲಿಸ್ಸೆ ಕಡೆ ಅವು ಬರುವುದು ಮಧ್ಯಾಹ್ನದ ಮೇಲೆ. ಆಗ ರಸ್ತೆಯ ಪಶ್ಚಿಮ ದಂಡೆಯಲ್ಲಿ ನಿಂತರೆ ಬಿಸಿಲು ಬೆನ್ನಿಗೆ, ರಥದ ಪಕ್ಕದ ಮೈ ಪೂರ್ತಿ ಬೆಳಕಿಗೆ. ರಥದ ಮೈಗೆ ಹಯಸಿಂತ್ ಗೊಂಚಲಿನ ಬಿಡಿ ಹೂಗಳನ್ನು ಬಿಡಿಸಿ ಒಂದೊಂದಾಗಿ ಚುಚ್ಚಿರುತ್ತಾರೆ. ಹತ್ತಿರದ ಚಿತ್ರಕ್ಕೆ ಮೆರವಣಿಗೆಯ ಹೊತ್ತು ಒಳ್ಳೆಯದಲ್ಲ, ಮರುದಿನ ರಥಗಳನ್ನು ಹಾರ್ಲೆಮ್‌ನಲ್ಲಿ ನಿಲ್ಲಿಸಿಡುತ್ತಾರೆ, ಆಗ ನಿಧಾನವಾಗಿ ತೆಗೆಯಬಹುದು.

ತಲೆ ಹಾರಿಸುವ ಯಂತ್ರ ಹೊಲಕ್ಕಿಳಿದರೆ ಪ್ರವಾಸಿಗರು ಪೆಚ್ಚಾಗಿ ಮುಂದಿನ ಹೊಲಕ್ಕೆ ನಡೆಯುತ್ತಾರೆ. ನಿಂತು ನೋಡಬೇಕಾದ ಹೊತ್ತು ಅದು. ಟ್ರ್ಯಾಕ್ಟರಿನ ಬ್ಲೇಡು ಹೂವಿನ ಮಟ್ಟದಲ್ಲಿ ಸಾಗುವಾಗ ಒಂದು ಬದಿ ಇನ್ನೂ ಕೆಂಪು, ಇನ್ನೊಂದು ಬದಿ ಬರೀ ಹಸಿರು. ಮಡಿಗಳ ನಡುವಿನ ಜಾಡಿನಲ್ಲಿ ಪಕಳೆ ಚೆಲ್ಲಿ ಬಣ್ಣ ನೆಲಕ್ಕಿಳಿದಿರುತ್ತದೆ. 1/1000 ಸೆಕೆಂಡಿನಲ್ಲಿ ತೆಗೆದರೆ ಗಾಳಿಯಲ್ಲಿ ಹಾರುವ ಹೂಗಳು ನಿಂತಂತೆ ಬರುತ್ತವೆ, ಸೈಕಲ್ ದಾರಿಯಿಂದಲೇ ಸಿಗುವ ಚಿತ್ರ. ಗಿಡಗಳು ಆಮೇಲೂ ಹಸಿರಾಗಿ ನಿಂತು, ಜೂನ್-ಜುಲೈಯಲ್ಲಿ ಎಲೆ ಹಳದಿಗೆ ತಿರುಗಿದಾಗ ಗೆಡ್ಡೆ ಕೀಳುವ ಯಂತ್ರ ಬರುತ್ತದೆ. ಜೇಡಿಮಣ್ಣಿನ ಹೊಲಗಳಲ್ಲಿ ನೆಡುವಾಗಲೇ ಬಲೆ ಹಾಕಿರುವುದರಿಂದ ಗೆಡ್ಡೆಗಳು ಬಲೆಯೊಡನೆ ಮೇಲೇಳುತ್ತವೆ. ಆ ಹೊತ್ತಿಗೆ ಹೋಗುವವರಿಗೆ ಟಿಕೆಟ್ ಬೇಡ, ಜನಜಂಗುಳಿ ಇಲ್ಲ, ಹೋಟೆಲಿನ ದರವೂ ಉತ್ಸವದ ದಿನಗಳದ್ದಲ್ಲ. ಉದ್ದನೆಯ ಲೆನ್ಸ್ ಮತ್ತು ಧೂಳಿನಿಂದ ಕ್ಯಾಮೆರಾ ಕಾಪಾಡಲು ಒಂದು ಹೊದಿಕೆ ಜೊತೆಗಿರಲಿ.